ಮೂರು ಕೊಂಬಿನವನಿಗೆ ಬೆಟ್ಟದ ರಾತ್ರಿ ಬೇಕು

ಕೀನ್ಯಾದ ಬೆಟ್ಟದಿಂದ ಹವಾಯಿಯ ಹಿತ್ತಲಿಗೆ, ಅಲ್ಲಿಂದ ಅಮೆರಿಕದ ಮನೆಗಳಿಗೆ ನಡೆದು ಬಂದ ಜಾಕ್ಸನ್ ಗೋಸುಂಬೆ ನೋಡಲು ಅಂಗೈಯಗಲದ ಡೈನೋಸಾರ್. ಸಾಕಲು ಹೊರಟರೆ ದುಡ್ಡಿಗಿಂತ ಮೊದಲು ಕೇಳುವುದು ತಂಪು ರಾತ್ರಿ, ಎಲೆಯ ಮೇಲಿನ ಹನಿ ಮತ್ತು ಮುಟ್ಟದೆ ಸುಮ್ಮನೆ ನೋಡುವ ಸಂಯಮ.

ಅದು 1972. ಹವಾಯಿಯ ಒಆಹು ದ್ವೀಪದ ಕಾನೆಯೋಹೆ ಎಂಬ ಊರಿನ ಸಾಕುಪ್ರಾಣಿ ಅಂಗಡಿಯವನೊಬ್ಬ ಕೀನ್ಯಾದಿಂದ ತರಿಸಿದ್ದ ಸರಕು ಬಂದಿಳಿಯಿತು. ಒಳಗೆ ಕೆಲವು ಡಜನ್ ಗೋಸುಂಬೆಗಳು. ಗಂಡುಗಳಿಗೆ ಮೂತಿಯ ಮೇಲೊಂದು, ಕಣ್ಣುಗಳ ಮುಂದೆ ಎರಡು, ಹೀಗೆ ಮೂರು ಕೊಂಬು. ಗಾಜಿನ ಹಿಂದೆ ಇಟ್ಟರೆ ಜನ ಮುಗಿಬೀಳುವಂಥ ಮಾಲು. ಆದರೆ ದೂರದ ಪ್ರಯಾಣದಲ್ಲಿ ಅವು ನೀರಿಲ್ಲದೆ ಬಾಡಿ, ಸೊರಗಿ, ಮಾರುವ ಸ್ಥಿತಿಯಲ್ಲೇ ಇರಲಿಲ್ಲ.

ಅಂಗಡಿಯವನು ಅವನ್ನು ತನ್ನ ಹಿತ್ತಲಿನ ಗಿಡಮರಗಳ ಮೇಲೆ ಬಿಟ್ಟ. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹಿಡಿದರಾಯಿತು ಎಂಬ ಲೆಕ್ಕಾಚಾರ.

ಗೋಸುಂಬೆಗಳು ಚೇತರಿಸಿಕೊಂಡವು. ವಾಪಸು ಮಾತ್ರ ಬರಲಿಲ್ಲ.

ವ್ಯಾಪಾರವಾಗಿ ನೋಡಿದರೆ ಅದು ಶುದ್ಧ ನಷ್ಟ. ಹವಾಯಿಯ ಕಾಡಿಗಂತೂ ಇಂದಿಗೂ ಮುಗಿಯದ ತಲೆನೋವು. ಆದರೆ ಬರೀ ಆರೈಕೆಯ ದೃಷ್ಟಿಯಿಂದ ನೋಡಿ. ಸುತ್ತ ಗಾಳಿ, ಬೆಟ್ಟದ ಕಡೆಯಿಂದ ಬರುವ ಮಳೆ, ಹತ್ತಲು ಕೊಂಬೆ, ಹಿಡಿಯಲು ಬಗೆಬಗೆಯ ಹುಳು, ಯಾರೂ ಕೈ ಹಾಕಿ ಎತ್ತದ ನೆಮ್ಮದಿ. ಸಾಯಲು ಸಿದ್ಧವಾಗಿದ್ದ ಪ್ರಾಣಿಗಳು ಬದುಕಿದ್ದೇ ಅಲ್ಲದೆ ಸಂತಾನ ಬೆಳೆಸಿ ಒಆಹುವಿನಿಂದ ಮಾವಿ, ಹವಾಯಿ ದ್ವೀಪಗಳವರೆಗೂ ಹಬ್ಬಿದವು. ಅಪರೂಪದ ಗೋಸುಂಬೆ ಸಾಕಬೇಕೆನ್ನುವವರು ಪಂಜರದೊಳಗೆ ಕಟ್ಟಲು ಹೆಣಗುವುದು ಆ ಹಿತ್ತಲನ್ನೇ.

ಎಲ್ಲರ ಬಳಿ ಇರುವುದು ಬೇಡ

ಅಮೆರಿಕ, ಯುರೋಪುಗಳಲ್ಲಿ ಗೋಸುಂಬೆ ಸಾಕುವ ಹವ್ಯಾಸ ಸಾಮಾನ್ಯವಾಗಿ ಎರಡು ಜಾತಿಗಳಿಂದ ಶುರುವಾಗುತ್ತದೆ. ಒಂದು, ಯೆಮೆನ್ ಮತ್ತು ಸೌದಿ ಅರೇಬಿಯಾದ ವೇಲ್ಡ್ ಗೋಸುಂಬೆ, ತಲೆಯ ಮೇಲೆ ಎತ್ತರದ ಶಿರಸ್ತ್ರಾಣ ಹೊತ್ತದ್ದು. ಇನ್ನೊಂದು ಮಡಗಾಸ್ಕರ್‌ನ ಪ್ಯಾಂಥರ್. ಊರಿಗೊಂದು ಬಣ್ಣ, ಕೊಲ್ಲಿಗೊಂದು ಬಣ್ಣ ತೋರಿಸುವ ಬೆಡಗು ಅದರದು. ಎರಡೂ ಪಂಜರದಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದಿವೆ, ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತವೆ.

ತೊಡಕು ಶುರುವಾಗುವುದು ಆಮೇಲೆ. ಒಂದೆರಡು ವರ್ಷ ಸಾಕಿ ಕೈ ಕುದುರಿದ ಮೇಲೆ ಮನಸ್ಸು ಕೊಂಬಿನದು, ರೆಕ್ಕೆಯಂಥ ಬೆನ್ನಿನದು, ಬೆರಳ ತುದಿಯಲ್ಲಿ ಕೂರುವಂಥದ್ದು ಎಂದು ಅಲೆಯತೊಡಗುತ್ತದೆ. ಆ ಅಲೆದಾಟದಲ್ಲಿ ಮೊದಲು ಎದುರಾಗುವ ಹೆಸರು ಜಾಕ್ಸನ್.

ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಬೌಲೆಂಜರ್ 1896ರಲ್ಲಿ ಇದನ್ನು ವಿವರಿಸಿ, ಪೂರ್ವ ಆಫ್ರಿಕಾದಲ್ಲಿ ಆಡಳಿತಗಾರನೂ ಪಕ್ಷಿ ಅಧ್ಯಯನಕಾರನೂ ಆಗಿದ್ದ ಫ್ರೆಡರಿಕ್ ಜಾಕ್ಸನ್ ಹೆಸರಿಟ್ಟ. ಹವಾಯಿಗೆ ಬಂದದ್ದು ಇದರ ಹಳದಿ ಶಿಖೆಯ ಉಪಜಾತಿ, ಮೌಂಟ್ ಕೀನ್ಯಾದ ಇಳಿಜಾರಿನದು. ತಮಾಷೆಯೆಂದರೆ, ವಿಜ್ಞಾನಿಗಳು ಈ ಉಪಜಾತಿಗೆ ಅಧಿಕೃತವಾಗಿ ಹೆಸರಿಟ್ಟಿದ್ದು 1988ರಲ್ಲಿ. ಅಷ್ಟರಲ್ಲಿ ಅದು ಹವಾಯಿಯಲ್ಲಿ ಸಂಸಾರ ಹೂಡಿ 16 ವರ್ಷವಾಗಿತ್ತು.

ರಾತ್ರಿಯೇ ಅಸಲಿ ಪರೀಕ್ಷೆ

ಆಫ್ರಿಕಾ ಎಂದೊಡನೆ ಸುಡುಬಿಸಿಲು ನೆನೆಯುವವರು ಇಲ್ಲೇ ಎಡವುತ್ತಾರೆ. ಜಾಕ್ಸನ್ ಗೋಸುಂಬೆ ಭೂಮಧ್ಯರೇಖೆಯ ಮಗ್ಗುಲಲ್ಲೇ ಇದ್ದರೂ ಬದುಕುವುದು ಎತ್ತರದ ಬೆಟ್ಟಗಳಲ್ಲಿ. ಬೆಳಿಗ್ಗೆ ಎಳೆಬಿಸಿಲು, ಮಧ್ಯಾಹ್ನ ಹಿತವಾದ ಶಾಖ, ಸಂಜೆ ಮೇಲೆ ಮಂಜು, ರಾತ್ರಿ ಕೊರೆಯುವ ಚಳಿ. ಹಲ್ಲಿ-ಹಾವುಗಳಿಗೆಂದು ಮಾರುವ ಬಿಸಿ ಬಲ್ಬನ್ನು ರಾತ್ರಿಯಿಡೀ ಉರಿಸಿದರೆ ಇದಕ್ಕೆ ಉಪಕಾರವಲ್ಲ, ಹಿಂಸೆ.

ಅನುಭವಿಗಳು ಪಾಲಿಸುವ ಲೆಕ್ಕ ಸರಳ. ಹಗಲು ಪಂಜರದ ಗಾಳಿ 22ರಿಂದ 25 ಡಿಗ್ರಿ ಸೆಲ್ಸಿಯಸ್. ಬಿಸಿಲು ಕಾಯುವ ಕೊಂಬೆಯ ಮೇಲೆ 28ರ ಆಸುಪಾಸು. ರಾತ್ರಿ 18ಕ್ಕಿಂತ ಕೆಳಗೆ, 10-12ಕ್ಕೆ ಇಳಿದರೂ ಚಿಂತೆಯಿಲ್ಲ. ಈ ಕೊನೆಯ ಅಂಕಿಯೇ ಬಹುಪಾಲು ಮನೆಗಳಲ್ಲಿ ಕೈಕೊಡುವುದು. ಹಗಲಿನ ಶಾಖ ಕೊಡಲು ಬಲ್ಬ್ ಸಾಕು. ರಾತ್ರಿ ತಂಪು ಕೊಡಲು ಒಂದೋ ಎಸಿ ಓಡಬೇಕು, ಇಲ್ಲವೇ ಮನೆಯೇ ಅಂಥ ಊರಿನಲ್ಲಿರಬೇಕು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಇವನ್ನು ವರ್ಷದ ಬಹುಭಾಗ ಹೊರಗಿನ ಪಂಜರದಲ್ಲೇ ಇಡಬಹುದು. ಅರಿಜೋನಾದ ಮರುಭೂಮಿಯಲ್ಲಿದ್ದವರು ಕರೆಂಟ್ ಬಿಲ್ ನೋಡಿ ಜಾತಿ ಬದಲಿಸುವುದೇ ಜಾಣತನ.

ಅಪರೂಪದ ಗೋಸುಂಬೆಗಳಲ್ಲಿ ಬಹಳಷ್ಟು ಹೀಗೆ ಬೆಟ್ಟದವೇ. ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ಬಣ್ಣದ ಫೋಟೊ ನೋಡಿಯಲ್ಲ, ಥರ್ಮಾಮೀಟರ್ ಹಿಡಿದು. ಬೇಸಿಗೆಯ ನಡುರಾತ್ರಿ ಪಂಜರವಿಡುವ ಕೋಣೆಯಲ್ಲಿ ಪಾದರಸ ಎಲ್ಲಿ ನಿಂತಿದೆ ಎಂದು ನೋಡಿದರೆ ಅರ್ಧ ಪಟ್ಟಿ ತಾನೇ ಖಾಲಿಯಾಗುತ್ತದೆ.

ಬಟ್ಟಲಲ್ಲಿ ನೀರಿಟ್ಟರೆ ಕುಡಿಯದು

ಎರಡನೇ ಪೇಚು ನೀರಿನದು. ನಿಂತ ನೀರನ್ನು ನೀರೆಂದು ಗುರುತಿಸುವ ಅಭ್ಯಾಸ ಗೋಸುಂಬೆಗಳಿಗೆ ಸಾಮಾನ್ಯವಾಗಿ ಇಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನೆಕ್ಕುತ್ತವೆ. ಬಟ್ಟಲು ತುಂಬಿಸಿಟ್ಟು ಕೆಲಸಕ್ಕೆ ಹೋದವರ ಗೋಸುಂಬೆ, ಪಕ್ಕದಲ್ಲೇ ನೀರಿದ್ದೂ ದಾಹದಿಂದ ಒಣಗುತ್ತದೆ.

ಅದಕ್ಕೇ ಪಂಜರದ ತುಂಬ ಜೀವಂತ ಗಿಡ ಬೇಕು. ಹವ್ಯಾಸಿಗಳ ಪಟ್ಟಿಯಲ್ಲಿರುವ ಗಿಡಗಳನ್ನು ನೋಡಿದರೆ ಕನ್ನಡ ಓದುಗರಿಗೆ ನಗು ಬರಬಹುದು: ಮನಿಪ್ಲಾಂಟ್, ದಾಸವಾಳ, ಫೈಕಸ್, ಶೆಫ್ಲೆರಾ. ನಮ್ಮ ಬಾಲ್ಕನಿಗಳಲ್ಲಿ ತೂಗುವವೇ. ಟೈಮರ್ ಇಟ್ಟ ಪಂಪು ಬೆಳಗಾಗುವ ಮುನ್ನ ಕೆಲವು ನಿಮಿಷ ತುಂತುರು ಸುರಿಸುತ್ತದೆ, ಹಗಲು ಮೇಲಿನಿಂದ ಹನಿ ತೊಟ್ಟಿಕ್ಕುತ್ತದೆ. ಚೆಕ್ ದೇಶದ ಗೋಸುಂಬೆ ತಜ್ಞ ಪೆಟ್ರ್ ನೆಚಸ್ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: ಕಾಡಿನಲ್ಲಿ ಇವುಗಳಿಗೆ ತೇವ ಸಿಗುವುದು ಮುಖ್ಯವಾಗಿ ರಾತ್ರಿಯ ಮಂಜಿನಿಂದ, ಆದ್ದರಿಂದ ಪಂಜರದಲ್ಲೂ ರಾತ್ರಿಯೇ ಮಂಜು ಹಾಯಿಸಬೇಕು. ಈಗ ಬಹಳ ಜನ ಅದನ್ನು ಅನುಸರಿಸುತ್ತಾರೆ. ಷರತ್ತು ಒಂದೇ, ಕೋಣೆ ತಣ್ಣಗಿರಬೇಕು. ಬೆಚ್ಚಗಿನ ಕೋಣೆಯಲ್ಲಿ ಮಂಜು ತುಂಬಿದರೆ ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ.

ಪಂಜರ ಗಾಜಿನದಕ್ಕಿಂತ ಜಾಲರಿಯದಾದರೆ ಗಾಳಿಯಾಡುತ್ತದೆ. ಬೆಳೆದ ಜಾಕ್ಸನ್‌ಗೆ ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ ಇದ್ದರೆ ಒಳ್ಳೆಯದು. ಒಂದು ಪಂಜರಕ್ಕೆ ಒಂದೇ ಗೋಸುಂಬೆ. ಜೊತೆಯಿಲ್ಲದೆ ಬೇಜಾರಾದೀತು ಎಂದು ಮರುಗುವವರಿಗೆ ಇದು ಅರ್ಥವಾಗುವುದು ಕಷ್ಟ, ಆದರೆ ಇನ್ನೊಂದು ಗೋಸುಂಬೆ ಕಣ್ಣಿಗೆ ಬಿದ್ದರೂ ಸಾಕು, ಇದಕ್ಕೆ ತಳಮಳ.

ಚೌಕಟ್ಟು: ಬಣ್ಣದ ಹಿಂದೆ ಹರಳು

ಕೂತ ಕಡೆಯ ಬಣ್ಣಕ್ಕೆ ತಿರುಗುವುದು ಗೋಸುಂಬೆಯ ಗುಣ ಎಂಬ ನಂಬಿಕೆ ಹಳೆಯದು. ಆದರೆ ಬಣ್ಣ ಬದಲಾಗುವುದಕ್ಕೆ ಕೋಪ, ಪ್ರಣಯ, ಶರಣಾಗತಿ, ಚಳಿ-ಬಿಸಿಲುಗಳೇ ಹೆಚ್ಚಿನ ಕಾರಣ.

ಜಿನೀವಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳ ಜಾಲವನ್ನು ತೋರಿಸಿತು. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಹಿಂದಿರುಗಿಸುತ್ತವೆ, ಕೆರಳಿದಾಗ ದೂರ ಸರಿದು ಹಳದಿ, ಕೆಂಪನ್ನು. ಮೇಲಿರುವ ಹಳದಿ ವರ್ಣದ್ರವ್ಯದ ಜತೆ ನೀಲಿ ಸೇರಿದಾಗ ಕಾಣುವುದೇ ಹಸಿರು.

ಪಂಜರದ ಗೋಸುಂಬೆ ದಿನವಿಡೀ ಕಪ್ಪುಗಟ್ಟಿ ಕೂತಿದ್ದರೆ ಅದು ಸೊಗಸಲ್ಲ, ದೂರು.

ರಾಮನಗರದವರಿಗೆ ಗೊತ್ತಿರುವ ಮೇವು

ಆಹಾರವೆಂದರೆ ಜೀವಂತ ಹುಳು. ಚಿಮ್ಮಂಡೆ, ಡುಬಿಯಾ ಜಿರಳೆ, ನೊಣ, ಜೊತೆಗೆ ಬಹು ಬೇಡಿಕೆಯ ರೇಷ್ಮೆ ಹುಳು. ಮೆತ್ತಗೆ, ನೀರಿನಂಶ ತುಂಬಿದ, ಓಡಿಹೋಗದ ಈ ಹುಳುವನ್ನು ಅಮೆರಿಕದಲ್ಲಿ ಡಬ್ಬಿಯಲ್ಲಿಟ್ಟು ಎಣಿಸಿ ಮಾರುತ್ತಾರೆ, ಹಿಪ್ಪುನೇರಳೆ ಸೊಪ್ಪಿನ ಪುಡಿಯಿಂದ ಕಲಸಿದ ಮೇವನ್ನೂ ಜೊತೆಗೆ ಕೊಡುತ್ತಾರೆ. ಗೂಡು ಕಟ್ಟುವ ಮುಂಚೆಯೇ ಹುಳುವನ್ನು ಹಲ್ಲಿಗೆ ತಿನ್ನಿಸುವ ಸುದ್ದಿ ಕೇಳಿದರೆ ರಾಮನಗರ, ಶಿಡ್ಲಘಟ್ಟದ ರೈತರು ಹುಬ್ಬೇರಿಸಿಯಾರು.

ಹುಳು ಏನು ತಿಂದಿದೆಯೋ ಅದೇ ಕೊನೆಗೆ ಗೋಸುಂಬೆಯ ಹೊಟ್ಟೆಗೆ. ಆದ್ದರಿಂದ ಹುಳುವಿಗೆ ಮೊದಲು ಸೊಪ್ಪು, ಕ್ಯಾರೆಟ್, ಕಿತ್ತಳೆ ತಿನ್ನಿಸಿ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡುತ್ತಾರೆ. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಡಿ3 ಚರ್ಮದಲ್ಲಿ ತಯಾರಾಗಲು ಬಿಸಿಲಿನ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಅದಕ್ಕಾಗಿ ಪಂಜರದ ಮೇಲೆ ಯುವಿಬಿ ಟ್ಯೂಬ್‌ಲೈಟ್. ಅದಿಲ್ಲದಿದ್ದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ, ದವಡೆ ಬಾಗುತ್ತದೆ, ನಾಲಿಗೆ ಗುರಿ ತಪ್ಪುತ್ತದೆ.

ಇಲ್ಲಿಯೂ ಬೆಟ್ಟದ ಜಾತಿಗಳು ತಕರಾರಿನವು. ವೇಲ್ಡ್ ಗೋಸುಂಬೆಗೆ ಒಗ್ಗಿದಷ್ಟು ವಿಟಮಿನ್ ಪುಡಿ ಜಾಕ್ಸನ್‌ಗೆ ಜಾಸ್ತಿಯಾಗುತ್ತದೆ. ಗಂಟಲು, ಕುತ್ತಿಗೆ ನೀರು ತುಂಬಿಕೊಂಡು ಊದಿದರೆ ಅನುಭವಿಗಳ ಮೊದಲ ಅನುಮಾನ ಅತಿಯಾದ ಪುಡಿಯ ಮೇಲೆಯೇ. ಡಿ3 ಇಲ್ಲದ ಬರೀ ಕ್ಯಾಲ್ಸಿಯಂ ದಿನನಿತ್ಯಕ್ಕೆ, ಮಲ್ಟಿವಿಟಮಿನ್ ತಿಂಗಳಿಗೆ ಒಂದೆರಡು ಸಲ ಮಾತ್ರ. ಪ್ರೀತಿ ಹೆಚ್ಚಾದಷ್ಟೂ ಪುಡಿ ಹೆಚ್ಚು ಸುರಿಯುವವರ ಮನೆಯಲ್ಲೇ ಈ ಕಾಯಿಲೆ.

ಕೊಂಬೆಯ ಮೇಲೆ ಹೆರಿಗೆ

ಜಾಕ್ಸನ್ ಗೋಸುಂಬೆ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಚಳಿ ನೆಲದಲ್ಲಿ ಮೊಟ್ಟೆ ಹೂತಿಟ್ಟರೆ ಕಾವು ಸಿಗುವುದೆಂತು? ಹೊಟ್ಟೆಯಲ್ಲೇ ಇಟ್ಟುಕೊಂಡು ಬಿಸಿಲಿಗೆ ಮೈಯೊಡ್ಡಿದರೆ ತಾಯಿಯೇ ಕಾವುಗೂಡು. ಗಬ್ಬದ ಅವಧಿ ಆರು ತಿಂಗಳ ಆಸುಪಾಸು, ಕೆಲವೊಮ್ಮೆ ಇನ್ನೂ ಹೆಚ್ಚು.

ಹೆರಿಗೆ ಸಾಮಾನ್ಯವಾಗಿ ಬೆಳಗಿನ ಹೊತ್ತು. ಹೆಣ್ಣು ಕೊಂಬೆಯಿಂದ ಕೊಂಬೆಗೆ ನಿಧಾನ ನಡೆಯುತ್ತ ಅಲ್ಲೊಂದು ಇಲ್ಲೊಂದು ಎಂದು ಮರಿ ಉದುರಿಸುತ್ತದೆ. ಒಂದೊಂದೂ ತೆಳು, ಅಂಟು ಪೊರೆಯೊಳಗೆ ಮುದುಡಿರುತ್ತದೆ. ಪೊರೆ ಎಲೆಗೋ ಕಡ್ಡಿಗೋ ತಗುಲಿ ಅಂಟುತ್ತದೆ, ಇಲ್ಲವೇ ನೆಲಕ್ಕೆ ಬೀಳುತ್ತದೆ. ಆ ತಾಕಿನಿಂದ ಎಚ್ಚೆತ್ತ ಮರಿ ಮೈಮುರಿದು, ಪೊರೆ ಒದ್ದು, ಎರಡೆರಡು ಮೂರು ಮೂರಾಗಿ ಕೂಡಿದ ಬೆರಳುಗಳಿಂದ ಕಡ್ಡಿ ಹಿಡಿದು ಮೇಲಕ್ಕೆ ಹೊರಡುತ್ತದೆ. ತಾಯಿ ಹಿಂತಿರುಗಿ ನೋಡುವುದಿಲ್ಲ. ಒಂದು ಸೂಲಿಗೆ ಎಂಟರಿಂದ ಮೂವತ್ತು ಮರಿ, ಮಾರನೆಯ ದಿನದಿಂದಲೇ ಎಲ್ಲಕ್ಕೂ ಹಣ್ಣಿನ ನೊಣ ಬೇಕು. ಹವ್ಯಾಸಿಯ ನಿಜವಾದ ದುಡಿಮೆ ಶುರುವಾಗುವುದು ಆಗ.

ಮಾರುಕಟ್ಟೆಯ ಒಂದು ಕಣ್ಕಟ್ಟು ಅಡಗಿರುವುದೂ ಇಲ್ಲೇ. ಕಾಡಿನಿಂದ ಹಿಡಿದ ಗಬ್ಬದ ಹೆಣ್ಣು ಅಂಗಡಿಯಲ್ಲಿ ಮರಿ ಹಾಕಿದರೆ, ಆ ಮರಿಗಳನ್ನು ‘ಪಂಜರದಲ್ಲಿ ಹುಟ್ಟಿದವು’ ಎಂದು ಮಾರುತ್ತಾರೆ. ಮಾತು ಸುಳ್ಳಲ್ಲ. ಆದರೆ ಅಪ್ಪ-ಅಮ್ಮ ಇಬ್ಬರೂ ಎರಡು ವರ್ಷದಿಂದ ಇದೇ ಮನೆಯಲ್ಲಿದ್ದು ಹಾಕಿದ ಮರಿಗೂ ಇದಕ್ಕೂ ಅಜಗಜಾಂತರ. ಕೇಳಬೇಕಾದ ಪ್ರಶ್ನೆ ‘ಎಲ್ಲಿ ಹುಟ್ಟಿತು?’ ಎಂದಲ್ಲ, ‘ತಂದೆ ಎಲ್ಲಿದ್ದಾನೆ, ತೋರಿಸಿ’ ಎಂದು.

ಚೌಕಟ್ಟು: ಕೊಳ್ಳುವ ಮುನ್ನ

ಕಣ್ಣು: ಉಬ್ಬಿ, ಹಗಲೆಲ್ಲ ತೆರೆದು, ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿರಬೇಕು. ಒಳಗೆ ಕುಸಿದ ಕಣ್ಣು ನೀರಿನ ಕೊರತೆಯ ಗುರುತು, ಹಗಲಲ್ಲಿ ಮುಚ್ಚಿದ ಕಣ್ಣು ರೋಗದ್ದು.

ಹಿಕ್ಕೆ: ಅದರ ಜೊತೆಯ ಯೂರಿಕ್ ಆಮ್ಲದ ಭಾಗ ಬೆಳ್ಳಗಿದ್ದರೆ ಸರಿ. ಗಾಢ ಕಿತ್ತಳೆಯಾಗಿದ್ದರೆ ಪ್ರಾಣಿ ಬಾಯಾರಿದೆ.

ಹಿಡಿತ: ಕೊಂಬೆಯನ್ನು ನಾಲ್ಕೂ ಕಾಲಿನಿಂದ ಬಿಗಿಯಾಗಿ ಹಿಡಿದಿರಬೇಕು. ಮೊಣಕಾಲು ಸೊಟ್ಟಗಿದ್ದರೆ ಮೂಳೆಯ ತೊಂದರೆ.

ವೈದ್ಯರು: ಉರಗಗಳನ್ನು ನೋಡುವ ಪಶುವೈದ್ಯರು ಊರಿನಲ್ಲಿ ಇದ್ದಾರೆಯೇ ಎಂದು ವಿಚಾರಿಸುವುದು ಪ್ರಾಣಿ ತರುವುದಕ್ಕಿಂತ ಮುಂಚೆ.

ಪಟ್ಟಿಯಲ್ಲಿರುವ ಉಳಿದವರು

ಜಾಕ್ಸನ್ ದಾಟಿ ಮುಂದೆ ಹೋದರೆ ನಾಲ್ಕು ಕೊಂಬಿನ ಗೋಸುಂಬೆ ಸಿಗುತ್ತದೆ. ಕ್ಯಾಮರೂನ್, ನೈಜೀರಿಯಾದ ಎತ್ತರದ ಬೆಟ್ಟಗಳದ್ದು, ಬೆನ್ನ ಮೇಲೆ ಹಾಯಿ ಎತ್ತಿದಂಥ ಏಣು. ರಾತ್ರಿಯ ಚಳಿ ಒದಗಿಸಬಲ್ಲವರಿಗೆ ಇದು ಹೇಳಿದ ಮಾತು ಕೇಳುವ ಪ್ರಾಣಿ ಎಂದು ಅನುಭವಿಗಳು ಹೊಗಳುತ್ತಾರೆ. ಟಾಂಜಾನಿಯಾ, ಮಲಾವಿಗಳ ಮೆಲ್ಲರ್ ಗೋಸುಂಬೆ ಅದಕ್ಕೆ ತದ್ವಿರುದ್ಧ. ಮಡಗಾಸ್ಕರ್‌ನಾಚೆ ಇಷ್ಟು ದೊಡ್ಡ ಗೋಸುಂಬೆ ಇನ್ನೊಂದಿಲ್ಲ, ಎರಡಡಿಯವರೆಗೂ ಬೆಳೆದೀತು. ಕಾಡಿನಿಂದ ಹಿಡಿದು ತಂದದ್ದಾದರೆ ಹೆದರಿಕೆ ಮತ್ತು ಪರಾವಲಂಬಿ ಹುಳುಗಳಿಂದಲೇ ಸೊರಗುತ್ತದೆ. ನೋಡಲು ಎಷ್ಟೇ ಭವ್ಯವಾಗಿರಲಿ, ಮೊದಲ ಸಲದವರು ಇದರ ತಂಟೆಗೆ ಹೋಗದಿರುವುದೇ ಲೇಸು.

ಹವ್ಯಾಸಿಗಳ ಕನಸಿನ ಪಟ್ಟ ಮಾತ್ರ ಪಾರ್ಸನ್ ಗೋಸುಂಬೆಗೆ. ಪೂರ್ವ ಮಡಗಾಸ್ಕರ್‌ನ ಮಳೆಕಾಡಿನ ಈ ದೈತ್ಯ ಸಾಕಷ್ಟು ನಿಧಾನಸ್ಥ. ಮೊಟ್ಟೆಯೊಡೆದು ಮರಿ ಬರಲು ಒಂದೂವರೆಯಿಂದ ಎರಡು ವರ್ಷ. ಅಷ್ಟು ಕಾಲ ಮೊಟ್ಟೆಗಳಿಗೆ ಋತುಮಾನಕ್ಕೆ ತಕ್ಕಂತೆ ತಂಪು-ಬಿಸಿ ಕೊಡುತ್ತ ಕಾಯಬೇಕು. ಬೆಲೆ ಸಾವಿರಾರು ಡಾಲರ್‌ಗೆ ಏರುವುದಕ್ಕೆ ಕಾರಣ ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ.

ಅದೇ ದ್ವೀಪದ ಇನ್ನೊಂದು ತುದಿಯಲ್ಲಿ ಲಬೋರ್ಡ್ ಗೋಸುಂಬೆಯಿದೆ, ನೈರುತ್ಯದ ಒಣಕಾಡಿನಲ್ಲಿ. ನವೆಂಬರಿನ ಮಳೆಗೆ ಹುಟ್ಟಿ, ನಾಲ್ಕೈದು ತಿಂಗಳಲ್ಲಿ ಬೆಳೆದು, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ವರ್ಷದ ಉಳಿದ ಭಾಗ ಇಡೀ ಸಂತತಿ ಮೊಟ್ಟೆಯಾಗಿ ಮಣ್ಣಿನಡಿ ಇರುತ್ತದೆ. ಇದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದಾಗ ನಾಲ್ಕು ಕಾಲಿನ ಬೆನ್ನೆಲುಬಿನ ಪ್ರಾಣಿಗಳಲ್ಲೇ ಇಷ್ಟು ಚುಟುಕು ಬದುಕು ಇನ್ನೊಂದಿಲ್ಲ ಎಂದರು. ಸಾಕಲು ಇದೆಂಥ ಆಯ್ಕೆ ಎಂದು ಯಾರೂ ಕೇಳಬೇಕಾಗಿಲ್ಲ.

ಇನ್ನು ಎಲೆಗೋಸುಂಬೆಗಳು. ಟಾಂಜಾನಿಯಾದ ಗಡ್ಡದ ಪಿಗ್ಮಿ ಗೋಸುಂಬೆ ಬೆರಳುದ್ದದ್ದು, ತರಗೆಲೆಯ ಬಣ್ಣದ್ದು. ಚಿಕ್ಕ ಗಾಜಿನ ತೊಟ್ಟಿ ಸಾಕು ಎಂಬ ಕಾರಣಕ್ಕೆ ‘ಸುಲಭ’ ಎಂದು ಬಹಳ ಕಾಲ ಅಗ್ಗಕ್ಕೆ ಮಾರಾಟವಾಯಿತು. ಅಗ್ಗವಾಗಿದ್ದುದೇಕೆಂದರೆ ಕಾಡಿನಿಂದ ಬಾಚಿ ತರುತ್ತಿದ್ದರು.

ಕಾಗದಪತ್ರ ಮತ್ತು ಕಳ್ಳದಾರಿ

ಬಾಚುವ ಈ ಚಾಳಿಗೆ ಒಂದೊಂದಾಗಿ ಬಾಗಿಲು ಮುಚ್ಚುತ್ತ ಬಂದಿವೆ. ಕೀನ್ಯಾ 1981ರಲ್ಲೇ ರಫ್ತು ನಿಲ್ಲಿಸಿತು. ಮಡಗಾಸ್ಕರ್‌ನಿಂದ 1990ರ ದಶಕದ ನಡುವಿನಿಂದ ಬಹುಕಾಲ ನಾಲ್ಕೇ ಜಾತಿಗಳ ವ್ಯಾಪಾರಕ್ಕೆ ಅವಕಾಶವಿತ್ತು. ಟಾಂಜಾನಿಯಾ 2016ರಲ್ಲಿ ಜೀವಂತ ವನ್ಯಪ್ರಾಣಿಗಳ ರಫ್ತಿಗೆ ತಡೆ ಹಾಕಿತು. ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮ್ಮೇಳನ ಅದೇ ವರ್ಷ ಜೊಹಾನೆಸ್‌ಬರ್ಗ್‌ನಲ್ಲಿ ನಡೆದು ಆಫ್ರಿಕಾದ ಪಿಗ್ಮಿ ಗೋಸುಂಬೆಗಳನ್ನೂ ಎರಡನೇ ಅನುಬಂಧಕ್ಕೆ ಸೇರಿಸಿತು. ಅಂದರೆ ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ.

ಕೀನ್ಯಾದ ಬಾಗಿಲು ಮುಚ್ಚಿದ ಮೇಲೆ ಅಮೆರಿಕದ ಜಾಕ್ಸನ್‌ಗಳಿಗೆ ಮೂಲವಾದದ್ದು ಹವಾಯಿಯ ಕಾಡು. ಅಲ್ಲಿಯ ಕಥೆಯೂ ಕೆಟ್ಟಿತು. ಹವಾಯಿಯ ಬೆಟ್ಟಗಳಲ್ಲಿ ಬಣ್ಣದ ಪಟ್ಟೆಯ ಮರದ ಬಸವನಹುಳುಗಳಿವೆ, ಭೂಮಿಯ ಮೇಲೆ ಬೇರೆಲ್ಲೂ ಇಲ್ಲದವು, ಅಳಿವಿನಂಚಿನವು. ಹಿಡಿದ ಜಾಕ್ಸನ್ ಗೋಸುಂಬೆಗಳ ಹೊಟ್ಟೆಯಲ್ಲಿ ಇವು ಸಿಕ್ಕಿದ್ದನ್ನು 2010ರಲ್ಲಿ ಸಂಶೋಧಕರು ವರದಿ ಮಾಡಿದರು. ಗೋಸುಂಬೆಯನ್ನು ಹಾನಿಕರ ವನ್ಯಜೀವಿ ಎಂದು ಗುರುತಿಸಿರುವ ರಾಜ್ಯ, ದ್ವೀಪದಿಂದ ದ್ವೀಪಕ್ಕೆ ಸಾಗಿಸುವುದನ್ನೂ ನಿಷೇಧಿಸಿದೆ. ಫ್ಲೋರಿಡಾದಲ್ಲಂತೂ ಕೆಲವರು ಬೇಕೆಂದೇ ಗೋಸುಂಬೆಗಳನ್ನು ತೋಪುಗಳಲ್ಲಿ ಬಿಟ್ಟು, ಸಂತತಿ ಬೆಳೆದ ಮೇಲೆ ಟಾರ್ಚ್ ಹಿಡಿದು ಕೊಯ್ಲು ಮಾಡುತ್ತಾರೆ. ಜಾಗ ಮಾತ್ರ ಗುಟ್ಟು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾತ್ರವಿದೆ. 2023ರ ಆಗಸ್ಟ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಕಸ್ಟಮ್ಸ್‌ನವರಿಗೆ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಇಗುವಾನಾ, ಆಮೆಗಳ ನಡುವೆ ಗೋಸುಂಬೆಗಳೂ ಇದ್ದವು. ಕಾಂಗರೂ ಮರಿಯೊಂದು ಉಸಿರುಗಟ್ಟಿ ಸತ್ತಿತ್ತು.

ವಿದೇಶಿ ಗೋಸುಂಬೆ ಸಾಕುವುದು ಭಾರತದಲ್ಲಿ ಈಗ ಗುಟ್ಟಿನ ವ್ಯವಹಾರವಾಗಿ ಉಳಿಯುವಂತಿಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳನ್ನು ಕಾನೂನಿನ ನಾಲ್ಕನೇ ಅನುಸೂಚಿಗೆ ತಂದಿದೆ. 2024ರ ಫೆಬ್ರುವರಿಯ ನಿಯಮಗಳಂತೆ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ಪ್ರಾಣಿ ಸತ್ತರೂ ಕೈ ಬದಲಾದರೂ ತಿಳಿಸಬೇಕು. ಬಿಲ್ಲಿಲ್ಲದೆ, ಕಾಗದವಿಲ್ಲದೆ ‘ಇಂಪೋರ್ಟೆಡ್ ಪೀಸ್’ ಎಂದು ಯಾರಾದರೂ ತೋರಿಸಿದರೆ ಅದರ ಹಿಂದೆ ಸೂಟ್‌ಕೇಸ್ ಇರುವ ಸಾಧ್ಯತೆಯೇ ಹೆಚ್ಚು.

ನಮ್ಮದೇ ಗೋಸುಂಬೆಯ ವಿಷಯದಲ್ಲಿ ಇಷ್ಟು ಕಾಗದಪತ್ರದ ಗೊಡವೆಯೂ ಇಲ್ಲ. ಗಂಗೆಯ ದಕ್ಷಿಣಕ್ಕೆ ಶ್ರೀಲಂಕಾದವರೆಗೆ ಹಬ್ಬಿರುವ, ಬಯಲುಸೀಮೆಯ ಜಾಲಿ-ಹೊಂಗೆಗಳ ಮೇಲೂ ಸಿಗುವ ಭಾರತದ ಗೋಸುಂಬೆಯನ್ನು ಹಿಡಿಯುವುದು, ಸಾಕುವುದು, ಮಾರುವುದು ಮೂರೂ ಅಪರಾಧ. ಅದಕ್ಕೆ ಹೆದರಬೇಕಾಗಿಯೂ ಇಲ್ಲ, ವಿಷವಿಲ್ಲ. ಮೊಟ್ಟೆಯಿಡಲು ಮಣ್ಣು ಹುಡುಕಿ ಮರದಿಂದಿಳಿದ ಹೆಣ್ಣು ತೂಗಾಡುತ್ತ ರಸ್ತೆ ದಾಟುವಾಗ ಗಾಡಿ ಚಕ್ರಕ್ಕೆ ಸಿಗುವುದುಂಟು, ಅಪಶಕುನವೆಂದು ಕಲ್ಲೇಟು ತಿನ್ನುವುದೂ ಉಂಟು. ದಾರಿಯಲ್ಲಿ ಕಂಡರೆ ಕೈಯಿಂದ ಎತ್ತಬೇಕಿಲ್ಲ. ಮುಂಗಾಲಿಗೆ ಉದ್ದನೆಯ ಕಡ್ಡಿ ಒಡ್ಡಿದರೆ ತಾನೇ ಹತ್ತಿಕೊಳ್ಳುತ್ತದೆ. ಅದು ಹೊರಟಿದ್ದ ದಿಕ್ಕಿನ ಪೊದೆಗೇ ದಾಟಿಸಿ ಬಿಡಬೇಕು, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಬೇಕು.